ಕಛ್‌ನ ಶರತ್ಕಾಲ: ಅಜ್ರಖ್ ಅಂಗಳದ ಹಗಲುಗಳು

ಬಟ್ಟೆಗೆ ಬಣ್ಣ ಹಾಕುವವರಿಗೆ ನೀರು ಬೇಕು. ನೀರಿನಷ್ಟೇ ಒಣ ಗಾಳಿಯೂ ಬೇಕು. ಮಳೆ ಚೆನ್ನಾಗಿ ಬರುವ ನಾಡಿನಲ್ಲಿ ಮೊದಲನೆಯದು ಧಾರಾಳವಾಗಿ ಸಿಗುತ್ತದೆ, ಎರಡನೆಯದಕ್ಕೆ ಕಾಯಬೇಕಾಗುತ್ತದೆ. ಮರುಭೂಮಿಯಲ್ಲಿ ಇದು ತಿರುವುಮುರುವು. ಗುಜರಾತಿನ ಕಛ್ ಜಿಲ್ಲೆಯಲ್ಲಿ ಅಜ್ರಖ್ ಎಂಬ ಅಚ್ಚಿನ ಬಟ್ಟೆ ತಯಾರಿಸುವವರಿಗೆ ಇವೆರಡೂ ಜಗಳವಿಲ್ಲದೆ ಒಟ್ಟಿಗೆ ಒದಗಿ ಬರುವುದು ವರ್ಷಕ್ಕೊಮ್ಮೆ, ಮುಂಗಾರು ಹಿಂದೆ ಸರಿದ ಮೇಲಿನ ಆಶ್ವಯುಜ ಮತ್ತು ಕಾರ್ತಿಕ ಮಾಸಗಳಲ್ಲಿ. ಅವರ ಆ ದಿನಗಳೇ ಈ ಉಪನ್ಯಾಸದ ವಿಷಯ. ಅಜ್ರಖ್ ಕುರಿತು ನಾವು ಸಾಮಾನ್ಯವಾಗಿ ಕೇಳುವುದು ಅದರ ವಿನ್ಯಾಸದ ಬಗ್ಗೆ, ಜ್ಯಾಮಿತಿಯ ಬಗ್ಗೆ, ಪ್ರಾಚೀನತೆಯ ಬಗ್ಗೆ. ಅವೆಲ್ಲ ಮುಖ್ಯವೇ. ಆದರೆ ಕೆಲಸದ ಅಂಗಳದಲ್ಲಿ ನಿಂತು ನೋಡಿದವರಿಗೆ ಬೇರೆಯೇ ಒಂದು ಸಂಗತಿ ಕಾಣುತ್ತದೆ: ಅಚ್ಚು ಒತ್ತುವುದು ಇಡೀ ದುಡಿಮೆಯ ಸಣ್ಣ ಪಾಲು, ಉಳಿದದ್ದೆಲ್ಲ ನೆನೆಸುವುದು, ಒಗೆಯುವುದು, ಹರಡುವುದು, ಒಣಗಿಸುವುದು ಮತ್ತು ಕಾಯುವುದು. ಕಲಾವಿದರು ತೆಗೆದುಕೊಳ್ಳುವ ನಿರ್ಧಾರಗಳಲ್ಲಿ ಬಹುಪಾಲು ಈ ಕಾಯುವಿಕೆಗೆ ಸಂಬಂಧಿಸಿದವು ಎಂಬುದು ನನ್ನ ಅಭಿಪ್ರಾಯ.

ಮೊದಲು ಊರಿನ ಬಗ್ಗೆ ಒಂದೆರಡು ಮಾತು. ಕಛ್ ವಿಸ್ತೀರ್ಣದಲ್ಲಿ ಭಾರತದ ಅತಿ ದೊಡ್ಡ ಜಿಲ್ಲೆ, 45,674 ಚದರ ಕಿಲೋಮೀಟರ್. ಉತ್ತರಕ್ಕೆ ಉಪ್ಪಿನ ಬಯಲಾದ ರಣ್, ದಕ್ಷಿಣಕ್ಕೆ ಕಛ್ ಕೊಲ್ಲಿ, ಪಶ್ಚಿಮಕ್ಕೆ ಅರಬ್ಬಿ ಸಮುದ್ರ. ವರ್ಷದ ಸರಾಸರಿ ಮಳೆ 400 ಮಿಲಿಮೀಟರಿನ ಆಸುಪಾಸು ಎಂದು ಹೇಳಬಹುದಾದರೂ, ಅಲ್ಲಿ ಸರಾಸರಿ ಎಂಬುದಕ್ಕೆ ಹೆಚ್ಚು ಅರ್ಥವಿಲ್ಲ; ಒಂದು ವರ್ಷ ಹಳ್ಳಕೊಳ್ಳ ತುಂಬಿ ಹರಿದರೆ ಮರುವರ್ಷ ಮೋಡವೇ ಕಟ್ಟದಿರಬಹುದು. ಬಂದ ಮಳೆಯೆಲ್ಲ ಹೆಚ್ಚಾಗಿ ಜುಲೈ, ಆಗಸ್ಟ್ ತಿಂಗಳುಗಳಲ್ಲೇ ಬಂದುಹೋಗುತ್ತದೆ. ಸೆಪ್ಟೆಂಬರ್ ಕೊನೆಗೆ ನೈಋತ್ಯದ ಗಾಳಿ ನಿಂತು, ಉತ್ತರ ಮತ್ತು ಈಶಾನ್ಯದ ಕಡೆಯಿಂದ ಒಣ ಗಾಳಿ ಮೆಲ್ಲಗೆ ಬೀಸತೊಡಗುತ್ತದೆ. ಪ್ರವಾಸೋದ್ಯಮದ ಚಿತ್ರಗಳಲ್ಲಿ ಕಾಣುವ ಬೆಳ್ಳಗಿನ ರಣ್ ಆಗಿನ್ನೂ ಹುಟ್ಟಿರುವುದಿಲ್ಲ. ಮಳೆನೀರೂ ಸಮುದ್ರದ ನೀರೂ ಸೇರಿ ನಿಂತ ಕೆಸರಿನ ಬಯಲು ಅದು, ಇಂಗಿ ಆರಿ ಉಪ್ಪಿನ ಪದರ ಗಟ್ಟಿಯಾಗಲು ನವೆಂಬರ್ ಬರಬೇಕು. ಅಕ್ಟೋಬರಿನ ಮಧ್ಯಾಹ್ನಗಳಲ್ಲಿ ಉಷ್ಣಾಂಶ ಮತ್ತೆ 35 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಶರತ್ಕಾಲ ಎಂದರೆ ತಂಪು ಎಂದು ಭಾವಿಸಿ ಹೋದವರಿಗೆ ಅದು ಎರಡನೆಯ ಬೇಸಿಗೆಯಂತೆಯೇ ಅನ್ನಿಸುತ್ತದೆ.

ಈ ಬಿಸಿಲು ಬಣ್ಣದವರಿಗೆ ಬೇಕಾದದ್ದೇ. ಮಳೆಗಾಲದಲ್ಲಿ ಅಚ್ಚಿನಿಂದ ಒತ್ತಿದ ಲೇಪ ಬೇಗ ಒಣಗದೆ ಬಟ್ಟೆಯ ಎಳೆಗಳಲ್ಲಿ ಹರಡಿ, ಕೂದಲೆಳೆಯಂತಿರಬೇಕಾದ ಗೆರೆಗಳು ದಪ್ಪಗಾಗುತ್ತವೆ. ಏಪ್ರಿಲಿನಿಂದ ಜೂನ್‌ವರೆಗೆ ಧೂಳಿನ ಗಾಳಿ; ಅಂಟು ಕಲಸಿದ ಲೇಪ ಅಗತ್ಯಕ್ಕಿಂತ ಬೇಗ ಒಣಗಿ ಬಿರಿಯುತ್ತದೆ, ಬಿರುಕಿನೊಳಗೆ ನೀಲಿ ನುಸುಳುತ್ತದೆ, ಬಾವಿಯ ನೀರೂ ತಳ ಕಾಣುತ್ತಿರುತ್ತದೆ. ಚಳಿಗಾಲದಲ್ಲಿ ಒಣಗುವುದಕ್ಕೆ ತೊಂದರೆಯಿಲ್ಲ, ಆದರೆ ಬಟ್ಟೆ ಅದ್ದುವ ನೀಲಿ ಬಣ್ಣದ ತೊಟ್ಟಿ ತಣ್ಣಗಾಗಿ ಮಂದವಾಗುತ್ತದೆ. ಹೀಗೆ ಎಲ್ಲ ಅಡ್ಡಿಗಳನ್ನೂ ಕಳೆದ ಮೇಲೆ ಉಳಿಯುವುದು ಮಳೆನೀರು ಇಂಗಿ ಬಾವಿ ಚೇತರಿಸಿಕೊಂಡಿರುವ, ಗಾಳಿಯಲ್ಲಿ ಧೂಳಿಲ್ಲದ, ರಾತ್ರಿಯೂ ಬೆಚ್ಚಗಿರುವ ಆ ಕೆಲವು ವಾರಗಳು.

ಕಛ್‌ನಲ್ಲಿ ಅಜ್ರಖ್ ಕಸುಬು ಖತ್ರಿ ಸಮುದಾಯದ್ದು. ಹದಿನಾರನೆಯ ಶತಮಾನದಲ್ಲಿ ಕಛ್‌ನ ರಾವ್ ಭಾರ್ಮಲ್‌ಜಿ ಅರಸರ ಆಹ್ವಾನದ ಮೇರೆಗೆ ತಮ್ಮ ಪೂರ್ವಿಕರು ಸಿಂಧ್‌ನಿಂದ ಬಂದು, ಹರಿಯುವ ನೀರಿದ್ದ ಕಾರಣಕ್ಕೆ ಧಮಡ್ಕಾ ಎಂಬ ಹಳ್ಳಿಯನ್ನು ಆರಿಸಿಕೊಂಡು ನೆಲೆಸಿದರು ಎಂಬುದು ಆ ಮನೆತನಗಳಲ್ಲಿ ಹೇಳಿಕೊಂಡು ಬಂದಿರುವ ಇತಿಹಾಸ. ಈ ಬಟ್ಟೆಯನ್ನು ಉಡುತ್ತಿದ್ದವರು ಬನ್ನಿ ಹುಲ್ಲುಗಾವಲಿನ ದನಗಾಹಿಗಳು: ಲುಂಗಿಯಾಗಿ, ಮುಂಡಾಸಾಗಿ, ಹೆಗಲ ಮೇಲಿನ ವಸ್ತ್ರವಾಗಿ. ಹಳೆಯ ಕೈರೋದ ಫುಸ್ತಾತ್‌ನಲ್ಲಿ ಸಿಕ್ಕ ಗುಜರಾತಿನ ಅಚ್ಚಿನ ಹತ್ತಿಬಟ್ಟೆಯ ತುಣುಕುಗಳು ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯದಲ್ಲಿವೆ. ನೀಲಿ, ಕೆಂಪು ಬಣ್ಣಗಳ ಇದೇ ಬಗೆಯ ಕೆಲಸ ಮಧ್ಯಯುಗದಲ್ಲೇ ಕಡಲು ದಾಟಿತ್ತು ಎಂಬುದಕ್ಕೆ ಅವು ಸಾಕ್ಷಿ. ಮೊಹೆಂಜೊದಾರೊದ ‘ಪುರೋಹಿತ ರಾಜ’ನ ಶಿಲ್ಪದ ಹೊದಿಕೆಯ ಮೇಲಿನ ಮೂರೆಸಳಿನ ಚಿತ್ತಾರವನ್ನು ಅಜ್ರಖ್‌ನ ಪೂರ್ವರೂಪ ಎನ್ನುವವರಿದ್ದಾರೆ. ಕೇಳಲು ಸೊಗಸಾದ ಮಾತು, ಆದರೆ ಒಂದು ಚಿತ್ತಾರದ ಹೋಲಿಕೆಯಿಂದ ನಾಲ್ಕು ಸಾವಿರ ವರ್ಷಗಳ ಸೇತುವೆ ಕಟ್ಟಲು ನಾನು ಹಿಂಜರಿಯುತ್ತೇನೆ.

ಈಗ ಅಂಗಳಕ್ಕೆ ಬರೋಣ. ‘ಒಂದು ದಿನದ ಕೆಲಸ’ ಎಂಬ ಕಲ್ಪನೆಯೇ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ನೈಸರ್ಗಿಕ ಬಣ್ಣದ ಒಂದು ಅಜ್ರಖ್ ಹದಿನಾಲ್ಕರಿಂದ ಹದಿನಾರು ಹಂತಗಳನ್ನು ದಾಟಬೇಕು, ಅದಕ್ಕೆ ವಾರಗಳೇ ಹಿಡಿಯುತ್ತವೆ. ಹಾಗಾಗಿ ಯಾವ ದಿನ ಹೋದರೂ ಅಂಗಳದಲ್ಲಿ ಬೇರೆ ಬೇರೆ ಹಂತದ ಬಟ್ಟೆಗಳು ಒಟ್ಟಿಗೇ ಇರುತ್ತವೆ: ಒಂದು ಎಣ್ಣೆಯಲ್ಲಿ ನೆನೆದಿರುತ್ತದೆ, ಇನ್ನೊಂದು ಹಳದಿಯಾಗಿ ಬಿಸಿಲಿಗೆ ಬಿದ್ದಿರುತ್ತದೆ, ಮತ್ತೊಂದು ಮೇಜಿನ ಮೇಲೆ, ಮಗದೊಂದು ತೊಟ್ಟಿಯಲ್ಲಿ. ಬೆಳಗಿನ ನಮಾಜು ಮುಗಿಸಿ ಹೊರಗೆ ಬಂದ ಹಿರಿಯರ ಮೊದಲ ಕೆಲಸ ಆಕಾಶವನ್ನೂ ಗಾಳಿಯನ್ನೂ ನೋಡಿ, ಇವುಗಳಲ್ಲಿ ಇವತ್ತು ಯಾವುದು ಮುಂದಿನ ಹಂತಕ್ಕೆ ಹೋಗಬೇಕು, ಯಾವುದು ಇದ್ದಲ್ಲೇ ಇರಬೇಕು ಎಂದು ಗೊತ್ತುಮಾಡುವುದು. ಸಮುದ್ರ ದೂರವಿಲ್ಲದ್ದರಿಂದ ಅಕ್ಟೋಬರಿನ ಮುಂಜಾನೆಗಳಲ್ಲಿ ಗಾಳಿ ಒದ್ದೆಯಾಗಿರುವುದುಂಟು. ಅಂಥ ದಿನ ಅರ್ಧ ಒಣಗಿದ ಲೇಪವಿರುವ ಬಟ್ಟೆಯನ್ನು ಹೊತ್ತೇರುವವರೆಗೆ ಹೊರಗೆ ತರುವುದಿಲ್ಲ.

ಮೊದಲ ಹಂತದ ಹೆಸರು ಸಾಜ್. ನೇಯ್ದ ಬಟ್ಟೆಯ ಗಂಜಿಯನ್ನು ಒಗೆದು ತೆಗೆದು, ಹರಳೆಣ್ಣೆ, ಸೋಡಾ ಕ್ಷಾರ ಮತ್ತು ಒಂಟೆಯ ಲದ್ದಿ ಕಲಸಿದ ನೀರಿನಲ್ಲಿ ಅದ್ದಿ, ರಾತ್ರಿಯೆಲ್ಲ ಮುದ್ದೆಯಾಗಿಟ್ಟು, ಬೆಳಿಗ್ಗೆ ಬಿಸಿಲಿಗೆ ಹರಡುತ್ತಾರೆ. ಮತ್ತೆ ಅದ್ದುತ್ತಾರೆ, ಮತ್ತೆ ಒಣಗಿಸುತ್ತಾರೆ. ಎಷ್ಟು ಸಲ ಎಂಬುದನ್ನು ಬಟ್ಟೆಯೇ ಹೇಳಬೇಕು. ಅಂಚನ್ನು ಅಂಗೈಯಲ್ಲಿ ಉಜ್ಜಿದಾಗ ನೊರೆ ಬಂದರೆ ಎಣ್ಣೆಯೂ ಕ್ಷಾರವೂ ಕೂಡಿ ಸಾಬೂನಿನ ಗುಣ ಬಂದಿದೆ ಎಂದರ್ಥ, ಆಗ ಸಾಜ್ ಮುಗಿಯಿತು. ಹಿಂದೆ ಉಪ್ಪು ನೆಲದಲ್ಲಿ ಬೆಳೆಯುವ ಗಿಡಗಳನ್ನು ಸುಟ್ಟ ಬೂದಿಯಿಂದ ಈ ಕ್ಷಾರವನ್ನು ತೆಗೆಯುತ್ತಿದ್ದರು. ಒಂಟೆಯ ಲದ್ದಿ ಬಟ್ಟೆಯನ್ನು ಬೆಳ್ಳಗೂ ಮೆತ್ತಗೂ ಮಾಡುತ್ತದೆ ಎಂಬುದು ಕಸುಬಿನವರ ಅನುಭವ. ವಾಸನೆಯ ಬಗ್ಗೆ ಮಾತ್ರ ಯಾರೂ ಹೊಗಳಿ ಮಾತನಾಡುವುದಿಲ್ಲ.

ಎರಡನೆಯ ಹಂತವಾದ ಕಸಾಣುವಿನಲ್ಲಿ ಬಿಸಿಲಿನ ಪಾತ್ರ ಇನ್ನೂ ಸೂಕ್ಷ್ಮವಾದದ್ದು. ನಾವು ಅಳಲೆಕಾಯಿ ಎನ್ನುವ ಕಾಯಿಯ ಪುಡಿಯನ್ನು ತಣ್ಣೀರಿನಲ್ಲಿ ಕಲಸಿ, ಬಟ್ಟೆಯನ್ನು ಅದರಲ್ಲಿ ಅದ್ದಿ ತೆಗೆದು ನೆಲದ ಮೇಲೆ ಹರಡುತ್ತಾರೆ. ಹರಡಿದ ಮೇಲೆ ಅದನ್ನು ಮಗುಚುವಂತಿಲ್ಲ. ನೀರು ಮೇಲ್ಮೈಯಿಂದ ಆವಿಯಾಗುವಾಗ ಅದರ ಜೊತೆಗೆ ಅಳಲೆಕಾಯಿಯ ಒಗರು ಸತ್ತ್ವವೂ ಮೇಲೆ ಸರಿದು, ಸೂರ್ಯನಿಗೆ ಮುಖಮಾಡಿದ ಬದಿಯಲ್ಲಿ ಹೆಚ್ಚಾಗಿ ಕೂರುತ್ತದೆ. ಆ ಬದಿಯೇ ಮುಂದೆ ಅಚ್ಚಿನ ಮುಖವಾಗುತ್ತದೆ. ಬೇಗ ಒಣಗಲಿ ಎಂದು ನಡುವೆ ಯಾರಾದರೂ ತಿರುಗಿಸಿದರೆ ಎರಡು ಬದಿಗೂ ಅರ್ಧರ್ಧ ಹಂಚಿಹೋಗಿ, ಮುಂದೆ ಕಪ್ಪು ಮಂಕಾಗುತ್ತದೆ. ಶರತ್ಕಾಲದ ಸಮನಾದ, ಗಾಳಿಯ ಹೊಡೆತವಿಲ್ಲದ ಬಿಸಿಲಿಗೆ ಬೆಲೆ ಬರುವುದು ಇಂಥಲ್ಲಿ. ಒಣಗಿದ ಬಟ್ಟೆ ಕೆನೆ ಬಣ್ಣದ ಹಳದಿಯಾಗಿರುತ್ತದೆ. ಮೇಲೆ ಉಳಿದ ಪುಡಿಯನ್ನು ಕೊಡವಿ ಮೇಜಿಗೆ ಒಯ್ಯುತ್ತಾರೆ.

ಮೇಜಿನ ಪಕ್ಕದಲ್ಲಿ ಲೇಪದ ತಟ್ಟೆ. ಅದರೊಳಗೆ ಬಿದಿರಿನ ಹೆಣಿಗೆ, ಅದರ ಮೇಲೆ ಲೇಪ ಹೀರಿಕೊಂಡ ಬಟ್ಟೆಯ ಮೆತ್ತೆ. ತೇಗದ ಮರದ ಅಚ್ಚನ್ನು ಮೆತ್ತೆಗೆ ಒತ್ತಿ, ಬಟ್ಟೆಯ ಮೇಲಿಟ್ಟು, ಬೆನ್ನಿಗೆ ಮುಷ್ಟಿಯಿಂದ ಒಂದು ಗುದ್ದು. ಗಾಂಧಿನಗರದ ಬಳಿಯ ಪೇಥಾಪುರ ಇಂಥ ಅಚ್ಚುಗಳ ಕೆತ್ತನೆಗೆ ಹೆಸರಾದ ಊರು. ಮೊದಲ ಅಚ್ಚು ಹೊರಗೆರೆಯದು: ಸುಣ್ಣ ಮತ್ತು ಜಾಲಿಯ ಗೋಂದು ಕಲಸಿದ ಲೇಪ ಬಿದ್ದ ಜಾಗಕ್ಕೆ ಮುಂದೆ ಯಾವ ಬಣ್ಣವೂ ಹತ್ತದೆ ಬಿಳಿಯಾಗಿ ಉಳಿಯುತ್ತದೆ. ಎರಡನೆಯದು ಕಪ್ಪಿಗೆ, ಮೂರನೆಯದು ಕೆಂಪಿಗೆ. ಉತ್ತಮ ಅಜ್ರಖ್‌ನಲ್ಲಿ ಇವೆಲ್ಲ ಬಟ್ಟೆಯ ಎರಡೂ ಬದಿಗೆ ಬೀಳಬೇಕು, ಹಿಂಬದಿಯ ಗೆರೆ ಮುಂಬದಿಯ ಗೆರೆಯ ನೆತ್ತಿಯ ಮೇಲೇ ಕೂರಬೇಕು. ಇದಕ್ಕೆ ಅಳತೆಗೋಲಿಲ್ಲ, ಕಣ್ಣಂದಾಜೇ ಎಲ್ಲ. ಮೊದಲ ಸಾಲಿನಲ್ಲಿ ಒಂದು ನೂಲಿನಷ್ಟು ಓರೆಯಾದರೂ ಹತ್ತನೆಯ ಸಾಲಿಗೆ ಅದು ಬೆರಳಿನಗಲ ಆಗಿರುತ್ತದೆ.

ಕಪ್ಪಿನ ಲೇಪವಾದ ಕಟ್‌ನ ತಯಾರಿ ಶರತ್ಕಾಲಕ್ಕೂ ಮೊದಲೇ ಶುರುವಾಗಿರಬೇಕು. ತುಕ್ಕು ಹಿಡಿದ ಕಬ್ಬಿಣದ ಚೂರು, ಕುದುರೆ ಲಾಳ, ಬೆಲ್ಲ, ಕಡಲೆ ಹಿಟ್ಟು ಎಲ್ಲವನ್ನೂ ನೀರಿಗೆ ಹಾಕಿ ಸುಮಾರು ಇಪ್ಪತ್ತು ದಿನ ಹುಳಿ ಬರಿಸುತ್ತಾರೆ. ಮೇಲಿನ ನೊರೆ ಹಳದಿಗೆ ತಿರುಗಿದಾಗ ನೀರನ್ನು ಸೋಸಿ, ಹುಣಸೆ ಬೀಜದ ಹಿಟ್ಟು ಹಾಕಿ ಕುದಿಸಿ ಮಂದ ಮಾಡುತ್ತಾರೆ. ಬಟ್ಟೆಯಲ್ಲಿ ಆಗಲೇ ಕೂತಿರುವ ಅಳಲೆಕಾಯಿಯ ಒಗರು ಈ ಕಬ್ಬಿಣದ ರಸವನ್ನು ಮುಟ್ಟಿದ ತಕ್ಷಣ ಕಪ್ಪು ಹುಟ್ಟುತ್ತದೆ. ಹಳೆಯ ಕಾಲದ ಲೇಖನಿಯ ಮಸಿಯದೂ ಇದೇ ರಸಾಯನ.

ಮೂರನೆಯ ಲೇಪ ಗಚ್. ಪಟಿಕ, ಜೇಡಿಮಣ್ಣು ಮತ್ತು ಗೋಂದಿನ ಈ ಮಿಶ್ರಣ ಒಂದೇ ಹೊತ್ತಿಗೆ ಎರಡು ಕೆಲಸ ಮಾಡುತ್ತದೆ: ಮುಂದೆ ಕೆಂಪು ಹಿಡಿಯಲು ಬೇಕಾದ ಪಟಿಕವನ್ನು ಬಟ್ಟೆಗೆ ಉಣಿಸುತ್ತದೆ, ಅದೇ ಜಾಗಕ್ಕೆ ಈಗ ನೀಲಿ ಹತ್ತದಂತೆ ಮುಚ್ಚಳವಾಗಿಯೂ ಕೂರುತ್ತದೆ. ಒತ್ತಿದ ಕೂಡಲೇ ಅದರ ಮೇಲೆ ಮರದ ಹೊಟ್ಟನ್ನೋ ಒಣ ಸಗಣಿಯ ಪುಡಿಯನ್ನೋ ಉದುರಿಸುತ್ತಾರೆ, ಹಸಿ ಲೇಪ ಪಕ್ಕದ ಮಡಿಕೆಗೆ ಅಂಟದಿರಲಿ ಎಂದು. ಆಮೇಲೆ ಒಣಗಲು ವಾರ, ಹತ್ತು ದಿನ ಬಿಡುತ್ತಾರೆ. ಮೇಲ್ನೋಟಕ್ಕೆ ಗಚ್ ಒಂದೇ ದಿನದಲ್ಲಿ ಒಣಗಿದಂತೆ ಕಾಣುತ್ತದೆ. ಒಳಗೆ ಪಟಿಕ ನೂಲಿಗೆ ಕಚ್ಚಿಕೊಳ್ಳಲು, ಮಣ್ಣು ಗೋಂದಿನೊಂದಿಗೆ ಬಿಗಿಯಲು ಉಳಿದ ದಿನಗಳು ಬೇಕು. ಈ ಹತ್ತು ದಿನಗಳೇ ಇಡೀ ಕಸುಬಿನ ನಿಜವಾದ ಪರೀಕ್ಷೆ ಎಂದು ನಾನು ಹೇಳುವುದು ಇದಕ್ಕಾಗಿ. ಹೊರಗಿನಿಂದ ಬಂದವರಿಗೆ ಅಲ್ಲಿ ನೋಡಲು ಏನೂ ಇಲ್ಲ, ಛಾಯಾಚಿತ್ರ ತೆಗೆಯಲು ಏನೂ ಇಲ್ಲ. ಮಡಿಸಿಟ್ಟ ಕಂದು ಬಟ್ಟೆಯ ರಾಶಿಯೊಂದಿದೆ, ಅಷ್ಟೆ. ಅವಸರ ಮಾಡಿ ಎಂಟು ದಿನದ ಕೆಲಸವನ್ನು ಮೂರು ದಿನಕ್ಕೆ ಇಳಿಸಿದವನ ಬಟ್ಟೆ ತೊಟ್ಟಿಗೆ ಇಳಿದ ಕ್ಷಣವೇ ಲೇಪ ಸಡಿಲಗೊಂಡು, ಕೆಂಪು ಬರಬೇಕಾದಲ್ಲಿ ನೀಲಿ ನುಗ್ಗುತ್ತದೆ.

ನೀಲಿ ತೊಟ್ಟಿಗೆ ತನ್ನದೇ ಆದ ದಿನಚರಿಯಿದೆ. ನೀಲಿ ಎಂಬ ಬಣ್ಣದ್ರವ್ಯ ನೀರಿನಲ್ಲಿ ಕರಗುವುದಿಲ್ಲ. ಅದರಲ್ಲಿರುವ ಆಮ್ಲಜನಕದ ಹಿಡಿತವನ್ನು ಬಿಡಿಸಿ, ಸುಣ್ಣದ ಅಥವಾ ಕ್ಷಾರದ ನೀರಿನಲ್ಲಿ ಕರಗುವ ರೂಪಕ್ಕೆ ತರಬೇಕು. ಹಳೆಯ ಪದ್ಧತಿಯಲ್ಲಿ ಇದನ್ನು ಮಾಡುವವು ಬೆಲ್ಲವನ್ನೂ ಬೇಯಿಸಿದ ತಗಚೆ ಬೀಜವನ್ನೂ ತಿಂದು ಬದುಕುವ ಸೂಕ್ಷ್ಮಜೀವಿಗಳು. ಅವಕ್ಕೆ ಬೆಚ್ಚಗಿನ ವಾತಾವರಣ ಬೇಕು, ಅತಿ ಬಿಸಿ ಆಗದು, ಚಳಿಯೂ ಆಗದು. ಆದ್ದರಿಂದ ಬೆಳಿಗ್ಗೆ ಮುಚ್ಚಳ ತೆಗೆದವರು ಮೊದಲು ಮೂಸಿ ನೋಡುತ್ತಾರೆ, ಆಮೇಲೆ ಮೇಲಿನ ತಾಮ್ರದ ಹೊಳಪಿನ ನೊರೆಯನ್ನು ಸರಿಸಿ ಕೆಳಗಿನ ದ್ರವದ ಬಣ್ಣ ನೋಡುತ್ತಾರೆ. ಅದು ಹಸಿರು ಬೆರೆತ ಹಳದಿಯಾಗಿದ್ದರೆ ತೊಟ್ಟಿ ಸಿದ್ಧ. ನೀಲಿಯಾಗಿಯೇ ಕಂಡರೆ ಬೆಲ್ಲ ಹಾಕಿ ಆ ದಿನ ಸುಮ್ಮನೆ ಬಿಡಬೇಕು. ಅದ್ದಿದ ಬಟ್ಟೆ ಹೊರಬರುವಾಗ ಹಳದಿ ಹಸಿರು. ಗಾಳಿ ಸೋಕುತ್ತಿದ್ದಂತೆ ಅಂಚಿನಿಂದ ಒಳಕ್ಕೆ ನೀಲಿ ಹರಡುತ್ತಾ ಬರುತ್ತದೆ. ತೊಟ್ಟಿಯಲ್ಲಿ ಬಟ್ಟೆಯನ್ನು ಹೆಚ್ಚು ಹೊತ್ತು ಬಿಡುವಂತಿಲ್ಲ, ಹಿಂಡುವಂತೆಯೂ ಇಲ್ಲ, ಏಕೆಂದರೆ ಗಚ್ ನೆನೆದು ಕಳಚುತ್ತದೆ. ಗಾಢ ನೀಲಿ ಬೇಕಾದರೆ ಒಮ್ಮೆ ಅದ್ದಿ, ಬಿಸಿಲಿಗೆ ಪೂರ್ತಿ ಒಣಗಿಸಿ, ಮತ್ತೊಮ್ಮೆ ಅದ್ದುವುದೊಂದೇ ದಾರಿ. ಅಕ್ಟೋಬರಿನಲ್ಲಿ ಎರಡು ಮುಳುಗುಗಳ ನಡುವಿನ ಒಣಗುವಿಕೆ ಒಂದೇ ಹಗಲಿನಲ್ಲಿ ಆಗಿಬಿಡುತ್ತದೆ. ಜುಲೈಯಲ್ಲಾದರೆ ಆ ಭರವಸೆಯಿಲ್ಲ.

ಇನ್ನು ಒಗೆತ. ನೀಲಿಯ ನಂತರ ಬಟ್ಟೆಯನ್ನು ನೀರಿನ ತೊಟ್ಟಿಯಲ್ಲಿ ನೆನೆಸಿ, ಕಲ್ಲಿಗೆ ಬಡಿದು, ಸುಣ್ಣ, ಮಣ್ಣು, ಗೋಂದು, ಹೆಚ್ಚುವರಿ ನೀಲಿ ಎಲ್ಲವೂ ಬಿಟ್ಟುಹೋಗುವವರೆಗೆ ಒಗೆಯಬೇಕು. ಆಮೇಲೆ ತಾಮ್ರದ ಹಂಡೆಯಲ್ಲಿ ಮಂಜಿಷ್ಠ ಬೇರಿನ ಪುಡಿ ಹಾಕಿ, ಕೆಳಗೆ ಸೌದೆಯ ಉರಿ ಇಟ್ಟು, ಬಟ್ಟೆಯನ್ನು ಕೋಲಿನಿಂದ ತಿರುವುತ್ತಾ ಬೇಯಿಸುತ್ತಾರೆ. ಬಣ್ಣ ತೇಪೆ ತೇಪೆಯಾಗಿ ಕೂರದಿರಲೆಂದು ಧಾತಕಿ ಹೂವನ್ನು ಸೇರಿಸುವುದುಂಟು. ಸೌದೆ ಹೆಚ್ಚಾಗಿ ನಮ್ಮ ಕಡೆ ಬಳ್ಳಾರಿ ಜಾಲಿ ಎನ್ನುವ ಗಿಡದ್ದು. ರಣ್ ಮುಂದೊತ್ತಿ ಬರುವುದನ್ನು ತಡೆಯಲು 1960ರ ದಶಕದಲ್ಲಿ ಬನ್ನಿಯಲ್ಲಿ ನೆಟ್ಟ ಈ ಗಿಡ ಇಡೀ ಹುಲ್ಲುಗಾವಲನ್ನೇ ನುಂಗಲು ಹೊರಟಿದೆ. ಹಂಡೆಯಲ್ಲಿ ಒಂದು ಬೆರಗಿನ ಸಂಗತಿ ನಡೆಯುತ್ತದೆ. ಇಡೀ ಬಟ್ಟೆ ಒಂದೇ ಕೆಂಪು ನೀರಿನಲ್ಲಿ ಮುಳುಗಿದ್ದರೂ ಪಟಿಕ ಕುಡಿದ ಜಾಗ ಮಾತ್ರ ನಿಜವಾದ ಕೆಂಪನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಿಳಿ ಇರಬೇಕಾದ ಜಾಗಗಳು ನಸುಗೆಂಪಾಗಿ ಕೊಳೆಯಾದಂತೆ ಕಾಣುತ್ತವೆ. ಆ ಕೊಳೆಯನ್ನು ತೆಗೆಯುವ ಹಂತಕ್ಕೆ ತಪಾಯಿ ಎಂದು ಹೆಸರು: ಬಟ್ಟೆಯನ್ನು ನೆಲಕ್ಕೆ ಹರಡಿ, ನೀರು ಚಿಮುಕಿಸಿ, ಅದು ಒಣಗುತ್ತಾ ಬಂದಾಗ ಮತ್ತೆ ಚಿಮುಕಿಸಿ, ಬಿಸಿಲಿಗೂ ತೇವಕ್ಕೂ ಸೇರಿ ಬಿಳುಪು ಮಾಡುವ ಕೆಲಸವನ್ನು ಒಪ್ಪಿಸುವುದು. ಗಟ್ಟಿಯಾಗಿ ಕೂತ ಕೆಂಪು ಉಳಿಯುತ್ತದೆ, ಸಡಿಲವಾಗಿ ಅಂಟಿದ್ದು ಹೋಗುತ್ತದೆ. ನೀರೂ ಬಿಸಿಲೂ ಒಂದೇ ಕ್ಷಣದಲ್ಲಿ ಬೇಕಾಗುವ ಹಂತ ಇದು, ಶರತ್ಕಾಲದ ಹಗಲು ಅದಕ್ಕೆಂದೇ ಅಳೆದು ಕೊಟ್ಟಂತಿರುತ್ತದೆ.

ಇಷ್ಟೆಲ್ಲ ನೀರು ಬೇಡುವ ಕಸುಬಿನಲ್ಲಿ ನೀರಿನ ಪ್ರಮಾಣದಷ್ಟೇ ಅದರ ಗುಣವೂ ಮುಖ್ಯ. 2001ರ ಜನವರಿ 26ರ ಬೆಳಿಗ್ಗೆ ಕಛ್ ಭೂಕಂಪ ಸಂಭವಿಸಿದಾಗ ಧಮಡ್ಕಾದ ಮನೆಗಳು ಬಿದ್ದವು; ಅದಕ್ಕಿಂತ ನಿಧಾನವಾಗಿ ಬೆಳಕಿಗೆ ಬಂದ ಹಾನಿ ಎಂದರೆ ಅಲ್ಲಿನ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದು. ನದಿ ಅದಕ್ಕೂ ಮೊದಲೇ ಬತ್ತಿಹೋಗಿತ್ತು. ಕಪ್ಪಿಗೆಂದು ಲಾಳ ಹುಡುಕಿ ತಂದು ಹುಳಿ ಬರಿಸುವ ಕಬ್ಬಿಣವೇ ಕೆಂಪಿಗೆ ಶತ್ರು. ಕಬ್ಬಿಣವಿರುವ ನೀರಿನಲ್ಲಿ ಬೇಯಿಸಿದರೆ ಮಂಜಿಷ್ಠದ ಕೆಂಪು ಕಂದಿಗೆ ತಿರುಗುತ್ತದೆ, ಬಿಳಿಯ ಮೇಲೆ ಬೂದು ಕವಿಯುತ್ತದೆ. ಅದೇ ನೀರಿನಲ್ಲಿ ಸುಣ್ಣದಂಶವಿದ್ದರೆ ಕೆಡುಕಿಲ್ಲ. ಮಂಜಿಷ್ಠದ ಬಣ್ಣ ಪಟಿಕದ ಜೊತೆಗೆ ಒಂದಿಷ್ಟು ಸುಣ್ಣದಂಶವೂ ಸೇರಿದಾಗಲೇ ಹೆಚ್ಚು ಗಾಢವಾಗಿ, ಗಟ್ಟಿಯಾಗಿ ನಿಲ್ಲುತ್ತದೆ. ಹಾಗಾಗಿ ಕುಡಿಯಲು ಸಪ್ಪೆ ಎನ್ನಿಸುವ ಗಡಸು ನೀರು ಬಣ್ಣದವರಿಗೆ ಒಳ್ಳೆಯ ನೀರಾಗಿರಬಹುದು, ಸಿಹಿ ಎನ್ನಿಸುವ ನೀರು ಕೆಟ್ಟದ್ದಾಗಿರಬಹುದು. ಅನೇಕ ಖತ್ರಿ ಕುಟುಂಬಗಳು ಧಮಡ್ಕಾ ಬಿಟ್ಟು ಭುಜ್ ಹತ್ತಿರ ನೀರು ನೋಡಿ ಜಾಗ ಹಿಡಿದು, ಅಜ್ರಖ್‌ಪುರ ಎಂಬ ಹೊಸ ಊರನ್ನು ಕಟ್ಟಿಕೊಂಡವು. ಕೆಲವು ಕುಟುಂಬಗಳು ಹಳೆಯ ಊರಿನಲ್ಲೇ ಉಳಿದವು. ಕಸುಬಿನ ಹೆಸರನ್ನೇ ಇಟ್ಟುಕೊಂಡು, ಬಣ್ಣಕ್ಕೆ ಒಗ್ಗುವ ನೀರನ್ನು ಅರಸಿ ಕಟ್ಟಿದ ಊರುಗಳು ನಮ್ಮ ಕಾಲದಲ್ಲಿ ಹೆಚ್ಚಿಲ್ಲ.

ಮಧ್ಯಾಹ್ನದ ಒಂದೆರಡು ತಾಸು ಅಂಗಳ ನಿಶ್ಶಬ್ದವಾಗುತ್ತದೆ. ಅಚ್ಚಿನ ಮೇಜು ಸಾಂಪ್ರದಾಯಿಕವಾಗಿ ಗಂಡಸರ ಜಾಗ. ಖತ್ರಿ ಮನೆಗಳಲ್ಲಿ ಹೆಂಗಸರ ಕೈಯಲ್ಲಿರುವುದು ಬಾಂಧಣಿ: ಬಟ್ಟೆಯ ಸಣ್ಣ ಚುಕ್ಕೆಯಷ್ಟು ಜಾಗವನ್ನು ಉಗುರಿನಿಂದ ಎತ್ತಿ ಹಿಡಿದು, ದಾರ ಸುತ್ತಿ ಬಿಗಿದು, ಬಣ್ಣದಲ್ಲಿ ಅದ್ದಿದಾಗ ಆ ಚುಕ್ಕೆ ಬಿಳಿಯಾಗಿ ಉಳಿಯುವಂತೆ ಮಾಡುವ ಕಸುಬು. ಕಣ್ಣಿಗೆ ಬೆಳಕು ಬೇಕು, ಬೆರಳು ಬೆವರಬಾರದು. ಮಧ್ಯಾಹ್ನದ ಧಗೆ ಇಳಿದ ಮೇಲಿನ ಹೊತ್ತು ಅದಕ್ಕೆ ಅನುಕೂಲ. ಇದರ ದಿನಚರಿಗೆ ಪ್ರತ್ಯೇಕವಾದ ಒಂದು ಉಪನ್ಯಾಸವೇ ಬೇಕಾಗುತ್ತದೆ, ಇಲ್ಲಿ ಅದನ್ನು ಮುಟ್ಟಿ ಮುಂದೆ ಹೋಗುತ್ತಿದ್ದೇನೆ.

ಇವರನ್ನು ಕಲಾವಿದರು ಎನ್ನಬೇಕೋ ಕುಶಲಕರ್ಮಿಗಳು ಎನ್ನಬೇಕೋ ಎಂಬ ಚರ್ಚೆ ಬಂದೇ ಬರುತ್ತದೆ. ನನ್ನ ಮಟ್ಟಿಗೆ ಉತ್ತರ ಸರಳ: ಯಾವ ಬಟ್ಟೆಗೆ ಎಷ್ಟು ಕಾಯಬೇಕು ಎಂಬುದನ್ನು ಇನ್ನೊಬ್ಬರನ್ನು ಕೇಳದೆ ತೀರ್ಮಾನಿಸಬಲ್ಲವರು, ಆ ತೀರ್ಮಾನದ ಫಲವನ್ನು ತಾವೇ ಉಣ್ಣುವವರು ಕಲಾವಿದರೇ. ಈ ತೀರ್ಮಾನದ ಶಕ್ತಿ ನಡುವೆ ಒಮ್ಮೆ ಕುಂದಿತ್ತು. ಮಂಜಿಷ್ಠದ ಹತ್ತಿರದ ಸಂಬಂಧಿಯಾದ ಯುರೋಪಿನ ಮ್ಯಾಡರ್ ಬೇರಿನ ಮುಖ್ಯ ಕೆಂಪು ಬಣ್ಣದ್ರವ್ಯವನ್ನು ಜರ್ಮನಿಯಲ್ಲಿ ಗ್ರೇಬೆ ಮತ್ತು ಲೀಬರ್‌ಮನ್ 1868ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದರು. ಕೃತಕ ನೀಲಿ 1897ರಲ್ಲಿ ಮಾರುಕಟ್ಟೆಗೆ ಬಂತು. ಇಪ್ಪತ್ತನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ಕಛ್‌ನ ಅಂಗಳಗಳಲ್ಲೂ ಕೃತಕ ಬಣ್ಣಗಳೇ ತುಂಬಿದ್ದವು, ಮುಂದೆ ದನಗಾಹಿಗಳೂ ಅಗ್ಗದ ಪಾಲಿಯೆಸ್ಟರ್ ಉಡತೊಡಗಿದರು. 1970ರ ದಶಕದಲ್ಲಿ ಧಮಡ್ಕಾದ ಮೊಹಮ್ಮದ್ ಸಿದ್ದಿಕ್ ಖತ್ರಿ ಗಿಡಮೂಲದ ಬಣ್ಣಗಳಿಗೆ ಮರಳಿ, ತಮ್ಮ ಮಕ್ಕಳಿಗೂ ಅದನ್ನು ಕಲಿಸಿದರು. ಅವರ ಮಗ ಇಸ್ಮಾಯಿಲ್ ಮೊಹಮ್ಮದ್ ಖತ್ರಿ ಅವರಿಗೆ 2003ರಲ್ಲಿ ಇಂಗ್ಲೆಂಡಿನ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಕಛ್ ಅಜ್ರಖ್‌ಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದ್ದು 2024ರಲ್ಲಿ. ಈ ಮಾನ್ಯತೆಯಿಂದ ಯಂತ್ರದಲ್ಲಿ ಮುದ್ರಿಸಿದ ಅಜ್ರಖ್ ವಿನ್ಯಾಸದ ಬಟ್ಟೆಗಳ ಮಾರಾಟ ನಿಲ್ಲುತ್ತದೆ ಎಂದು ನನಗೆ ಅನ್ನಿಸುವುದಿಲ್ಲ; ಕೊಳ್ಳುವವರು ಬಟ್ಟೆಯನ್ನು ಮಗುಚಿ ಹಿಂಬದಿ ನೋಡುವ ಅಭ್ಯಾಸ ಬೆಳೆಸಿಕೊಂಡರೆ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮಾರುಕಟ್ಟೆಯ ದೃಷ್ಟಿಯಿಂದಲೂ ಶರತ್ಕಾಲ ವರ್ಷದ ಒತ್ತಡದ ಕಾಲ. ನವರಾತ್ರಿ, ದೀಪಾವಳಿಗೆ ನಗರಗಳಿಂದ ಬೇಡಿಕೆ. ಅದರ ಬೆನ್ನಿಗೇ ಚಳಿಗಾಲದ ರಣ್ ಉತ್ಸವಕ್ಕೆ ಬರುವ ಪ್ರವಾಸಿಗರು. ಡಿಸೆಂಬರಿನ ಹೊತ್ತಿಗೆ ಅಂಗಡಿಯ ಕಪಾಟಿನಲ್ಲಿ ಇರಬೇಕಾದದ್ದೆಲ್ಲ ಅಕ್ಟೋಬರ್, ನವೆಂಬರಿನಲ್ಲಿ ನೆಲದ ಮೇಲೆ ಹರಡಿರಬೇಕು. ಕಡೆಯ ದಿನಾಂಕವನ್ನು ದೂರದ ಖರೀದಿದಾರರು ಹೇಳುತ್ತಾರೆ, ಆರಂಭದ ದಿನಾಂಕವನ್ನು ಮಳೆ ಹೇಳುತ್ತದೆ.

ಆ ಆರಂಭದ ದಿನಾಂಕವೇ ಈಗ ಮುಂದಕ್ಕೆ ಸರಿಯುತ್ತಿದೆ. ವಾಯವ್ಯ ಭಾರತದಿಂದ ಮುಂಗಾರು ಹಿಂದೆ ಸರಿಯಲು ತೊಡಗುವ ಸಾಮಾನ್ಯ ದಿನ ಸೆಪ್ಟೆಂಬರ್ 1 ಎಂದು ಬಹುಕಾಲ ಲೆಕ್ಕ ಹಿಡಿದಿದ್ದ ಭಾರತೀಯ ಹವಾಮಾನ ಇಲಾಖೆ, 2020ರಲ್ಲಿ ಅದನ್ನು ಸೆಪ್ಟೆಂಬರ್ 17ಕ್ಕೆ ಬದಲಿಸಿತು. ಹವಾಮಾನದ ವೈಪರೀತ್ಯಗಳೂ ಕಛ್‌ಗೆ ಹೊಸತಲ್ಲ: 2023ರ ಜೂನ್‌ನಲ್ಲಿ ಬಿಪರ್‌ಜಾಯ್ ಚಂಡಮಾರುತ ಜಖೌ ಬಂದರಿನ ಬಳಿ ನೆಲಕ್ಕೆ ಅಪ್ಪಳಿಸಿತು, 2024ರ ಆಗಸ್ಟ್ ಕೊನೆಯಲ್ಲಿ ಕಛ್ ಮೇಲೆ ನಿಂತು ಭಾರಿ ಮಳೆ ಸುರಿಸಿದ ವಾಯುಭಾರ ಕುಸಿತವೇ ಸಮುದ್ರಕ್ಕೆ ಇಳಿದು ಅಸ್ನಾ ಚಂಡಮಾರುತವಾಯಿತು. ಬಾವಿಗಳಿಗೆ ಹೆಚ್ಚು ಮಳೆ ಒಳ್ಳೆಯದೇ, ತಡವಾದ ಮಳೆ ಅಂಗಳಕ್ಕೆ ಒಳ್ಳೆಯದಲ್ಲ. ಸಾಜ್ ಎರಡು ವಾರ ಹಿಂದೆ ಬಿದ್ದರೆ ನೀಲಿಯ ಸರದಿ ನವೆಂಬರ್ ಕೊನೆಯ ತಣ್ಣನೆಯ ರಾತ್ರಿಗಳಿಗೆ ಹೋಗುತ್ತದೆ, ಆಗ ತೊಟ್ಟಿ ದಿನವೂ ಸಿದ್ಧವಾಗುವುದಿಲ್ಲ. ಖರೀದಿದಾರರ ದಿನಾಂಕ ಮಾತ್ರ ಇದ್ದಲ್ಲೇ ಇರುತ್ತದೆ. ಗಚ್ ಒಣಗುವ ದಿನಗಳನ್ನು ಕಡಿತ ಮಾಡಲು ಸಾಧ್ಯವಿಲ್ಲದ್ದರಿಂದ, ಅಂಥ ವರ್ಷಗಳಲ್ಲಿ ಕಲಾವಿದರ ಮುಂದೆ ಉಳಿಯುವ ಆಯ್ಕೆ ಎರಡೇ: ಎರಡೂ ಬದಿಯ ಮುದ್ರಣವನ್ನು ಕೈಬಿಟ್ಟು ಒಂದೇ ಬದಿಯ ಬಟ್ಟೆಗಳನ್ನು ಹೆಚ್ಚಿಸುವುದು, ಇಲ್ಲವೇ ಒಪ್ಪಿಕೊಂಡ ಬೇಡಿಕೆಯಲ್ಲಿ ಒಂದು ಪಾಲನ್ನು ಮುಂದಿನ ವರ್ಷಕ್ಕೆ ಎಂದು ಹೇಳಿ ಕಳಿಸುವುದು.